ಇಪ್ಪತ್ತು ತಿರುವಿನ ಉತ್ತರ

ರೂಬಿಕ್ಸ್ ಕ್ಯೂಬ್ ಬಿಡಿಸಲು ಈಗ ಬುದ್ಧಿ ಬೇಕಿಲ್ಲ, ಒಳ್ಳೆಯ ಬೆಳಕಿದ್ದರೆ ಸಾಕು. ಫೋನಿಗೆ ಒಂದು ಆ್ಯಪ್ ಹಾಕಿಕೊಂಡು, ಕ್ಯೂಬಿನ ಆರೂ ಮುಖಗಳನ್ನು ಒಂದಾದ ಮೇಲೊಂದು ಕ್ಯಾಮೆರಾಕ್ಕೆ ತೋರಿಸಿದರೆ ಪರದೆಯ ಮೇಲೆ ಬಾಣದ ಗುರುತುಗಳು ಮೂಡುತ್ತವೆ. ಬಲಗಡೆಯದನ್ನು ಮೇಲಕ್ಕೆ, ಮೇಲಿನದನ್ನು ಎಡಕ್ಕೆ, ಮುಂದಿನದನ್ನು ಅರ್ಧ ಸುತ್ತು. ಹೇಳಿದಂತೆ ತಿರುಗಿಸುತ್ತ ಹೋದರೆ ಇಪ್ಪತ್ತು ತಿರುವಿನ ಆಸುಪಾಸಿನಲ್ಲಿ ಆರು ಬಣ್ಣಗಳೂ ತಮ್ಮ ತಮ್ಮ ಮುಖಕ್ಕೆ ಬಂದು ಕೂತಿರುತ್ತವೆ. ದಸರಾ ರಜೆ ಬಂತೆಂದರೆ ಮೈಸೂರಿನ ನಜರ್‌ಬಾದಿನ ನಮ್ಮ ಬೀದಿಯ ಜಗಲಿಗಳಲ್ಲಿ ಇದೇ ಕೆಲಸ. ಹಾಗೆ ಬಿಡಿಸಿ ಕುಣಿಯುತ್ತಿದ್ದ ಹುಡುಗನೊಬ್ಬನನ್ನು ಎದುರುಮನೆಯ ಹಿರಿಯರು ಕೇಳಿದರು: “ಎಲ್ಲಾ ಫೋನೇ ಹೇಳಿಕೊಟ್ಟ ಮೇಲೆ ನೀನು ಮಾಡಿದ್ದೇನೋ ಮರಿ?” ಹುಡುಗ ತಡವರಿಸಲಿಲ್ಲ. “ಕೈ ನಂದೇ ಅಲ್ವಾ ತಾತ!”

ಅವನ ಮಾತಿನಲ್ಲಿ ಸುಳ್ಳಿಲ್ಲ. ಆದರೆ ತಾತನ ಪ್ರಶ್ನೆಯನ್ನು ಅಷ್ಟು ಸುಲಭವಾಗಿ ಬಿಟ್ಟುಕೊಡುವಂತೆಯೂ ಇಲ್ಲ. ಫೋನು ಒಳಗೊಳಗೇ ಏನು ಮಾಡಿತು ಎಂದು ಸ್ವಲ್ಪ ಬಿಚ್ಚಿ ನೋಡಿದರೆ, ಅದು ಕೊಡುವ ಉತ್ತರ ಎಂಥದು, ಅದರಿಂದ ಯಾರಿಗೆ ಏನು ದಕ್ಕುತ್ತದೆ ಎಂಬುದು ತಿಳಿಯುತ್ತದೆ.

ಲೆಕ್ಕ ಹಾಕುವುದೇ ಕಷ್ಟದ ಕೆಲಸ ಎಂದು ನಾವು ಭಾವಿಸುತ್ತೇವೆ. ನಿಜವಾಗಿ ಆ್ಯಪ್ ಹೆಚ್ಚಾಗಿ ಎಡವುವುದು ನೋಡುವುದರಲ್ಲಿ. ಒಂದು ಮುಖಕ್ಕೆ ಒಂಬತ್ತು ಚೌಕ, ಆರು ಮುಖಕ್ಕೆ 54. ಪ್ರತಿ ಚೌಕದಿಂದ ಕ್ಯಾಮೆರಾಕ್ಕೆ ಸಿಗುವುದು ಬಣ್ಣದ ಹೆಸರಲ್ಲ, ಕೆಂಪು ಹಸಿರು ನೀಲಿ ಬೆಳಕು ಎಷ್ಟೆಷ್ಟು ಬಂತು ಎಂಬ ಮೂರು ಅಂಕಿ ಮಾತ್ರ. ಕೆಂಪು ಚೌಕಕ್ಕೂ ಕಿತ್ತಳೆ ಚೌಕಕ್ಕೂ ಕೆಂಪಿನ ಪಾಲು ಧಾರಾಳವಾಗಿರುತ್ತದೆ. ಅವೆರಡನ್ನು ಬೇರೆ ಮಾಡುವುದು ಹಸಿರಿನ ಪಾಲಿನ ಅಲ್ಪಸ್ವಲ್ಪ ವ್ಯತ್ಯಾಸ. ಸಂಜೆ ಹಳದಿ ಬಲ್ಬಿನ ಕೆಳಗೆ ಕೂತರೆ, ಅಥವಾ ಕೈಯ ನೆರಳು ಕ್ಯೂಬಿನ ಮೇಲೆ ಬಿದ್ದರೆ, ಆ ವ್ಯತ್ಯಾಸ ಅಳಿಸಿಹೋಗುತ್ತದೆ. ಬಿಳಿ ಮತ್ತು ಹಳದಿಯ ಕಥೆಯೂ ಹೀಗೇ. ನಮ್ಮ ಕಣ್ಣು ಹಳದಿ ಬೆಳಕಿನಲ್ಲೂ ಬಿಳಿ ಪಂಚೆಯನ್ನು ಬಿಳಿ ಎಂದೇ ನೋಡುತ್ತದೆ. ಬೆಳಕಿನ ಬಣ್ಣವನ್ನು ಮಿದುಳು ತಾನಾಗಿ ಕಳೆದುಬಿಡುತ್ತದೆ. ಫೋನಿಗೆ ಅದನ್ನು ಕಲಿಸಬೇಕು. ಚೆನ್ನಾಗಿ ಬರೆದ ಆ್ಯಪ್‌ಗಳು ಒಂದು ಚೌಕವನ್ನು ಒಂಟಿಯಾಗಿ ನೋಡಿ ತೀರ್ಪು ಕೊಡುವುದಿಲ್ಲ. 54ನ್ನೂ ಒಟ್ಟಿಗೆ ಇಟ್ಟುಕೊಂಡು, ಒಂದನ್ನೊಂದು ಹೋಲಿಸಿ, ಒಂಬತ್ತೊಂಬತ್ತರ ಆರು ಗುಂಪು ಮಾಡುತ್ತವೆ. ಪ್ರತಿ ಗುಂಪಿಗೂ ಯಜಮಾನ ಯಾರೆಂದರೆ ನಡುವಿನ ಚೌಕ. ಆರು ನಡುವಿನ ಚೌಕಗಳು ಒಳಗಿನ ಅಚ್ಚಿಗೆ ಕಚ್ಚಿಕೊಂಡಿರುವುದರಿಂದ ಎಷ್ಟು ತಿರುಗಿಸಿದರೂ ಒಂದಕ್ಕೊಂದು ಜಾಗ ಬದಲಿಸುವುದಿಲ್ಲ. ನಡುವೆ ಬಿಳಿ ಇರುವ ಮುಖ ಕೊನೆಗೂ ಬಿಳಿಯದೇ.

ಬಣ್ಣ ಓದಿಯಾದ ಮೇಲೆ ತಾಳೆ ನೋಡುವ ಕೆಲಸ. ಇಲ್ಲಿ ಚೌಕಗಳನ್ನು ಮರೆತು ತುಂಡುಗಳನ್ನು ನೋಡಬೇಕು. ಮೂರು ಬಣ್ಣದ ಎಂಟು ಮೂಲೆ ತುಂಡು, ಎರಡು ಬಣ್ಣದ ಹನ್ನೆರಡು ಅಂಚಿನ ತುಂಡು, ಒಂದೇ ಬಣ್ಣದ ಆರು ನಡುವಿನ ತುಂಡು. ಸಾಮಾನ್ಯವಾಗಿ ಸಿಗುವ ಕ್ಯೂಬಿನಲ್ಲಿ ಬಿಳಿಯ ಎದುರು ಹಳದಿ, ನೀಲಿಯ ಎದುರು ಹಸಿರು, ಕೆಂಪಿನ ಎದುರು ಕಿತ್ತಳೆ ಇರುತ್ತದೆ. ಹಾಗಾಗಿ ಬಿಳಿಯೂ ಹಳದಿಯೂ ಒಟ್ಟಿಗಿರುವ ತುಂಡು ಹುಟ್ಟುವಂತೆಯೇ ಇಲ್ಲ. ಕ್ಯಾಮೆರಾ ಅಂಥದೊಂದನ್ನು ‘ಕಂಡಿದ್ದರೆ’ ಅದು ತಪ್ಪು ಓದಿದೆ ಎಂದೇ ಅರ್ಥ. ನೀಲಿ–ಕೆಂಪು ಅಂಚು ಎರಡು ಸಲ ಬಂದು ನೀಲಿ–ಕಿತ್ತಳೆ ಅಂಚು ಒಮ್ಮೆಯೂ ಬರದಿದ್ದರೆ ಅದೂ ಹಾಗೇ.

ಇಷ್ಟೆಲ್ಲ ಸರಿಯಿದ್ದರೂ ಒಮ್ಮೊಮ್ಮೆ ಆ್ಯಪ್ “ಈ ಕ್ಯೂಬನ್ನು ಬಿಡಿಸಲಾಗುವುದಿಲ್ಲ” ಎಂದು ಕೈಯೆತ್ತಿಬಿಡುತ್ತದೆ. ಮಕ್ಕಳು ಆ್ಯಪನ್ನು ಬಯ್ಯುವುದು ಆಗಲೇ. ನನ್ನ ಮಟ್ಟಿಗೆ ಆ್ಯಪ್ ಹೇಳುವ ಮಾತುಗಳಲ್ಲೆಲ್ಲ ಹೆಚ್ಚು ಬೆಲೆಯುಳ್ಳದ್ದು ಇದು. ಕ್ಯೂಬ್ ಬಿಡಿಸಲಾಗದೆ ಬೇಸತ್ತವರು ಅದನ್ನು ಕಿತ್ತು, ತುಂಡುಗಳನ್ನು ಕಣ್ಣಿಗೆ ಕಂಡ ಹಾಗೆ ಮತ್ತೆ ತುರುಕಿಡುವುದು ಬಹಳ ಹಳೆಯ ಉಪಾಯ. ಬಣ್ಣ ನೋಡಿ ಜೋಡಿಸಿದರೆ ಸರಿ. ಹೇಗೆಂದರೆ ಹಾಗೆ ಜೋಡಿಸಿದರೆ ಹನ್ನೆರಡರಲ್ಲಿ ಒಂದು ಪಾಲು ಮಾತ್ರ ಮುಂದೆಂದಾದರೂ ಬಿಡಿಸಲು ಬರುವಂಥದು, ಉಳಿದ ಹನ್ನೊಂದು ಪಾಲು ಜನ್ಮ ಪೂರ್ತಿ ತಿರುಗಿಸಿದರೂ ಬಾರದ್ದು. ಕಾರಣ ಮೂರು. ಮೂಲೆ ತುಂಡೊಂದು ತನ್ನ ಜಾಗದಲ್ಲೇ ಮೂರು ರೀತಿ ಕೂರಬಹುದು. ಆದರೆ ಯಾವ ತಿರುವೂ ಒಂದೇ ಒಂದು ಮೂಲೆಯನ್ನು ಮಾತ್ರ ತಿರುಚಲಾರದು. ಎಂಟೂ ಮೂಲೆಗಳ ತಿರುಚನ್ನು ಕೂಡಿದರೆ ಲೆಕ್ಕ ಯಾವಾಗಲೂ ಮೂರರ ಮಗ್ಗಿಗೆ ಬಂದು ನಿಲ್ಲುತ್ತದೆ. ಅಂಚಿನ ತುಂಡು ಎರಡು ರೀತಿ ಕೂರಬಹುದು. ಅಲ್ಲಿಯೂ ಒಂದನ್ನೇ ಮಗುಚಲು ಆಗದು, ಮಗುಚಿದವುಗಳ ಸಂಖ್ಯೆ ಸಮವೇ ಆಗಿರಬೇಕು. ಮೂರನೆಯದು, ಉಳಿದೆಲ್ಲವನ್ನೂ ಇದ್ದಂತೆಯೇ ಬಿಟ್ಟು ಬರೀ ಎರಡು ತುಂಡುಗಳ ಜಾಗ ಅದಲುಬದಲು ಮಾಡಲು ಬರುವುದಿಲ್ಲ. ಮೂರು, ಎರಡು, ಎರಡು: ಗುಣಿಸಿದರೆ ಹನ್ನೆರಡು.

ಒಂದನ್ನು ಕೆಡವಿ ಅದೇ ಸಾಮಾನಿನಿಂದ ಇನ್ನೊಂದು ಕಟ್ಟುವುದು ನಜರ್‌ಬಾದಿನವರಿಗೆ ಹೊಸದೇನಲ್ಲ ಎಂದು ನಗೆಯಾಡಬಹುದು. ಟಿಪ್ಪು ಸುಲ್ತಾನ 1787ರಲ್ಲಿ ಮೈಸೂರಿನ ಹಳೆಯ ಕೋಟೆಯನ್ನು ಬೀಳಿಸಿ, ಆ ಕಲ್ಲುಗಳನ್ನು ಪೂರ್ವಕ್ಕೆ ಒಂದು ಮೈಲಿಯಾಚೆ ಸಾಗಿಸಿ, ಹೊಸ ಕೋಟೆ ಕಟ್ಟಿಸಲು ಹೊರಟ. ಅದಕ್ಕೆ ಇಟ್ಟ ಹೆಸರೇ ನಜರಾಬಾದ್. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅದೇ ಕಲ್ಲುಗಳು ಮತ್ತೆ ಪಶ್ಚಿಮಕ್ಕೆ ಹೊರಟು ಮೈಸೂರಿನ ಕೋಟೆಯಾಗಿ ನಿಂತವು. ಕಲ್ಲಿನ ಗೋಡೆಗೆ ಯಾವ ಕಲ್ಲು ಎಲ್ಲಿ ಕೂತರೂ ನಡೆಯುತ್ತದೆ. ಕ್ಯೂಬಿಗೆ ಆ ಸೌಲಭ್ಯವಿಲ್ಲ.

ಕೆಲವು ಜೋಡಣೆಗಳನ್ನು ಎಂದೂ ಬಿಡಿಸಲಾಗದು ಎಂಬ ಸಂಗತಿ ಕ್ಯೂಬಿಗಿಂತ ನೂರು ವರ್ಷ ಹಳೆಯದು. ಹುಟ್ಟುಹಬ್ಬಗಳಲ್ಲಿ ಮಕ್ಕಳಿಗೆ ಹಂಚುವ ಚಿಕ್ಕ ಪ್ಲಾಸ್ಟಿಕ್ ಹಲಗೆ ನೆನಪಿರಬಹುದು: ಒಂದರಿಂದ ಹದಿನೈದರವರೆಗಿನ ಬಿಲ್ಲೆ, ಒಂದು ಖಾಲಿ ಮನೆ, ಬಿಲ್ಲೆಗಳನ್ನು ಜಾರಿಸಿ ಅಂಕಿಗಳನ್ನು ಕ್ರಮಕ್ಕೆ ತರಬೇಕು. 1880ರಲ್ಲಿ ಈ ಆಟ ಅಮೆರಿಕ, ಯುರೋಪುಗಳಿಗೆ ಹುಚ್ಚು ಹಿಡಿಸಿತ್ತು. 14 ಮತ್ತು 15 ಮಾತ್ರ ಅದಲುಬದಲಾಗಿರುವ ಹಲಗೆಯನ್ನು ಸರಿಮಾಡಲು ಜನ ಊಟ ನಿದ್ದೆ ಬಿಟ್ಟು ಕೂತರು. ಅದು ಆಗದ ಕೆಲಸ ಎಂದು ಜಾನ್ಸನ್ ಮತ್ತು ಸ್ಟೋರಿ ಎಂಬ ಗಣಿತಜ್ಞರು 1879ರಲ್ಲೇ ಸಾಧಿಸಿ ತೋರಿಸಿದ್ದರು. ಅರ್ಧದಷ್ಟು ಜೋಡಣೆಗಳು ಎಂದೂ ಕ್ರಮಕ್ಕೆ ಬಾರದವು. ಸ್ಯಾಮ್ ಲಾಯ್ಡ್ ಎಂಬ ಒಗಟುಗಾರ ಆ ಆಟ ತನ್ನದೇ ಎಂದು ಹೇಳಿಕೊಂಡು, ಬಿಡಿಸಿದವರಿಗೆ ಸಾವಿರ ಡಾಲರ್ ಬಹುಮಾನ ಸಾರಿದ. ಆಟ ಅವನದಲ್ಲ, ನೋಯ್ಸ್ ಚಾಪ್‌ಮನ್ ಎಂಬ ಅಂಚೆ ಅಧಿಕಾರಿಯದು. ಬಹುಮಾನ ಕೊಡುವ ಪ್ರಮೇಯವಂತೂ ಬರುವಂತಿರಲಿಲ್ಲ. ಅಂದು ಯಾರ ಕೈಯಲ್ಲಾದರೂ “ಇದು ಬಿಡಿಸಲಾಗದ್ದು” ಎನ್ನುವ ಫೋನಿದ್ದಿದ್ದರೆ ಲಾಯ್ಡನ ವ್ಯಾಪಾರ ಒಂದು ಸಂಜೆಗೆ ಮುಗಿಯುತ್ತಿತ್ತು.

ಇನ್ನು ಹುಡುಕುವ ಕೆಲಸ. ಬುಡಾಪೆಸ್ಟಿನಲ್ಲಿ ವಿನ್ಯಾಸ ಪಾಠ ಹೇಳುತ್ತಿದ್ದ ಎರ್ನೊ ರೂಬಿಕ್ 1974ರಲ್ಲಿ ಈ ಕ್ಯೂಬನ್ನು ರೂಪಿಸಿದರು. ಮಾಡಿದವರಿಗೇ ಅದನ್ನು ಬಿಡಿಸಲು ಸುಮಾರು ಒಂದು ತಿಂಗಳು ಹಿಡಿಯಿತು. 1977ರ ಕೊನೆಗೆ ಹಂಗೇರಿಯ ಆಟಿಕೆ ಅಂಗಡಿಗೆ, 1980ರಲ್ಲಿ ಜಗತ್ತಿನ ಮಾರುಕಟ್ಟೆಗೆ ಬಂತು. ಅದನ್ನು ಎಷ್ಟು ರೀತಿ ಕಲೆಸಬಹುದು ಎಂಬುದಕ್ಕೆ ಲೆಕ್ಕವಿದೆ: 4,32,52,00,32,74,48,98,56,000. ನಮ್ಮ ಮಾತಿನಲ್ಲಿ ನಾಲ್ಕೂಕಾಲು ಲಕ್ಷ ಕೋಟಿ ಕೋಟಿಗೂ ಮಿಗಿಲು. ಎಲ್ಲವನ್ನೂ ಒಂದೊಂದಾಗಿ ನೋಡುತ್ತೇನೆಂದರೆ ಯಾವ ಫೋನಿಗೂ ಆಯುಸ್ಸು ಸಾಲದು.

ಹಾಗಾದರೆ ಆ್ಯಪ್ ಅರೆಕ್ಷಣದಲ್ಲಿ ಉತ್ತರ ತರುವುದು ಹೇಗೆ? ಬಹುಪಾಲು ಆ್ಯಪ್‌ಗಳ ಹೊಟ್ಟೆಯಲ್ಲಿರುವುದು ಹರ್ಬರ್ಟ್ ಕೊಸಿಂಬ ಎಂಬ ಜರ್ಮನ್ ಮೇಷ್ಟ್ರು 1992ರಲ್ಲಿ, ಅಟಾರಿ ಎಂಬ ಅಂದಿನ ಮನೆ ಕಂಪ್ಯೂಟರಿನ ಮೇಲೆ ಮಾಡಿ ತೋರಿಸಿದ ಉಪಾಯ. ಅವರಿಗಿಂತ ಮುಂಚೆ, 1981ರಲ್ಲಿ, ಲಂಡನ್ನಿನ ಮಾರ್ವೆನ್ ಥಿಸಲ್‌ತ್ವೈಟ್ ಬಿಡಿಸುವ ಕೆಲಸವನ್ನು ನಾಲ್ಕು ಹಂತಗಳಾಗಿ ಒಡೆದು, ಯಾವ ಕ್ಯೂಬನ್ನಾದರೂ 52 ತಿರುವಿನೊಳಗೆ ಮುಗಿಸಬಹುದು ಎಂದಿದ್ದರು. ಕೊಸಿಂಬ ಆ ನಾಲ್ಕನ್ನು ಎರಡಕ್ಕಿಳಿಸಿದರು. ಬೆಂಗಳೂರಿನ ಯಾವುದೋ ಗಲ್ಲಿಯ ಮನೆಗೆ ಹೋಗಬೇಕಾದವರು ಮೊದಲು ಹೇಗಾದರೂ ಮಾಡಿ ರಿಂಗ್ ರೋಡ್ ಮುಟ್ಟಿಕೊಂಡು, ಆಮೇಲೆ ಮನೆ ಹುಡುಕುವ ಹಾಗೆ. ಮೊದಲ ಹಂತದ ಗುರಿ ಕ್ಯೂಬ್ ಬಿಡಿಸುವುದಲ್ಲ. ಮುಂದಕ್ಕೆ ಮೇಲಿನ ಮತ್ತು ಕೆಳಗಿನ ಮುಖಗಳನ್ನು ಹೇಗೆ ಬೇಕಾದರೂ, ಸುತ್ತಲಿನ ನಾಲ್ಕನ್ನು ಅರ್ಧ ಸುತ್ತು ಮಾತ್ರ ತಿರುಗಿಸಿದರೆ ಸಾಕು ಎಂಬ ಸ್ಥಿತಿಗೆ ತರುವುದು. ಅಂಥ ಸ್ಥಿತಿಗಳು 1,950 ಕೋಟಿಗೂ ಹೆಚ್ಚಿವೆ, ಅವುಗಳಲ್ಲಿ ಯಾವುದಾದರೂ ಆದೀತು. ಅಲ್ಲಿಗೆ ಮುಟ್ಟಲು ಹನ್ನೆರಡು ತಿರುವಿಗಿಂತ ಹೆಚ್ಚು ಬೇಕಾಗುವುದಿಲ್ಲ. ಅಲ್ಲಿಂದ ಮನೆಗೆ ಹದಿನೆಂಟಕ್ಕಿಂತ ಹೆಚ್ಚು ಬೇಕಾಗುವುದಿಲ್ಲ. ಒಟ್ಟು ಮೂವತ್ತು.

ಆ್ಯಪ್ ಅಲ್ಲಿಗೇ ಸುಮ್ಮನಾಗುವುದಿಲ್ಲ. ಮೊದಲ ಹಂತವನ್ನು ಬೇಕೆಂದೇ ಒಂದೆರಡು ತಿರುವು ಸುತ್ತುಹಾಕಿ ಮುಟ್ಟಿದರೆ ಎರಡನೆಯದು ಹತ್ತಿರವಾದೀತೇ ಎಂದು ಮತ್ತೆ ಮತ್ತೆ ನೋಡುತ್ತದೆ. ದಾರಿ ತಪ್ಪದಿರಲು ಅದರ ಬಳಿ ಮೊದಲೇ ಬರೆದಿಟ್ಟುಕೊಂಡ ಪಟ್ಟಿಗಳಿವೆ: ಇಂಥ ಸ್ಥಿತಿಯಲ್ಲಿದ್ದರೆ ಇನ್ನು ಕನಿಷ್ಠ ಇಷ್ಟು ತಿರುವು ಬೇಕೇ ಬೇಕು ಎಂದು. ಕೈಯಲ್ಲಿ ಉಳಿದಿರುವ ತಿರುವು ಅದಕ್ಕಿಂತ ಕಡಿಮೆಯಾದರೆ ಆ ದಾರಿಯನ್ನು ಅಲ್ಲಿಗೇ ಕೈಬಿಟ್ಟು ಹಿಂದಿರುಗುತ್ತದೆ. ಹೀಗೆ ಮೂವತ್ತು ಇಪ್ಪತ್ತರ ಹತ್ತಿರಕ್ಕೆ ಇಳಿಯುತ್ತದೆ.

ಅದಕ್ಕಿಂತ ಕೆಳಗೆ ಎಲ್ಲ ಕ್ಯೂಬುಗಳನ್ನೂ ಇಳಿಸಲು ಬಾರದು. ಯಾವ ಕ್ಯೂಬಿಗಾದರೂ ಇಪ್ಪತ್ತು ತಿರುವು ಸಾಕು ಎಂದು 2010ರ ಜುಲೈಯಲ್ಲಿ ತೀರ್ಮಾನವಾಯಿತು. ಟಾಮಸ್ ರೊಕಿಕಿ, ಕೊಸಿಂಬ, ಮಾರ್ಲಿ ಡೇವಿಡ್ಸನ್, ಜಾನ್ ಡೆಥ್ರಿಜ್ ಎಂಬ ನಾಲ್ವರು ಇಡೀ ರಾಶಿಯನ್ನು 221 ಕೋಟಿ ಗುಂಪುಗಳಾಗಿ ವಿಂಗಡಿಸಿ, ಒಂದನ್ನೊಂದು ಹೋಲುವುದನ್ನೆಲ್ಲ ಬಿಟ್ಟು, ಉಳಿದ ಐದೂವರೆ ಕೋಟಿ ಚಿಲ್ಲರೆ ಗುಂಪುಗಳನ್ನು ಗೂಗಲ್ ಒದಗಿಸಿದ ಕಂಪ್ಯೂಟರುಗಳ ಮೇಲೆ ಓಡಿಸಿದರು. ಒಂದೇ ಕಂಪ್ಯೂಟರ್ ಆಗಿದ್ದರೆ ಅದಕ್ಕೆ 35 ವರ್ಷ ಹಿಡಿಯುತ್ತಿತ್ತು. ಇಪ್ಪತ್ತಕ್ಕೆ ಒಂದೂ ಕಡಿಮೆಯಿಲ್ಲದಂತೆ ಬೇಡುವ ಸ್ಥಿತಿಗಳೂ ಇವೆ. ಮೊದಲನೆಯದನ್ನು ಮೈಕೆಲ್ ರೀಡ್ 1995ರಲ್ಲೇ ತೋರಿಸಿದ್ದರು. ಈ ಇಪ್ಪತ್ತಕ್ಕೆ ಕ್ಯೂಬ್ ಲೋಕದವರು ಇಟ್ಟ ಹೆಸರು ‘ದೇವರ ಸಂಖ್ಯೆ’. ದೇವರು ಬಿಡಿಸಲು ಕೂತರೆ ಇದಕ್ಕಿಂತ ಹೆಚ್ಚು ತಿರುಗಿಸಲಾರ ಎಂಬ ಲೆಕ್ಕ.

ದೇವರಿಗೆ ಸರಿ. ಮನುಷ್ಯರಿಗೆ ಆ ಉತ್ತರದಿಂದ ಆಗುವುದೇನು?

ಮುಂದಿನ ಸಲ ಆ್ಯಪ್ ತೆರೆದಾಗ ಇದನ್ನು ಗಮನಿಸಿ ನೋಡಿ. ಹತ್ತನೆಯ ತಿರುವಿನ ಹೊತ್ತಿಗೆ ಕ್ಯೂಬ್ ಮೊದಲಿಗಿಂತ ಸರಿಹೋಗಿರುವಂತೆ ಕಾಣುವುದೇ ಇಲ್ಲ. ಬಹಳವೆಂದರೆ ಎದುರುಬದುರಿನ ಎರಡು ಮುಖಗಳಲ್ಲಿ ಎರಡೇ ಬಣ್ಣ, ಬಿಳಿಯೂ ಹಳದಿಯೂ ಅನ್ನಿ, ಬೆರೆತು ಕೂತಿರಬಹುದು. ಅದು ಮೊದಲ ಹಂತ ಮುಗಿದದ್ದರ ಗುರುತು. ಹದಿನೈದನೆಯ ತಿರುವಿನಲ್ಲೂ ಗೊಂದಲವೇ. ಕಟ್ಟಕಡೆಯ ನಾಲ್ಕೈದು ತಿರುವಿನಲ್ಲಿ ಎಲ್ಲವೂ ದಿಢೀರನೆ ಜಾಗಕ್ಕೆ ಬೀಳುತ್ತವೆ. ಯಾವ ತಿರುವು ಏಕೆ ಎಂದು ಕೇಳಿದರೆ ಆ್ಯಪ್ ಬಳಿ ಉತ್ತರವಿಲ್ಲ. ಇನ್ನೊಂದು ಕ್ಯೂಬಿಗೆ ಇದೇ ತಿರುವುಗಳು ಪ್ರಯೋಜನಕ್ಕೆ ಬರುವುದೂ ಇಲ್ಲ. ಈ ಉತ್ತರ ಚಿಕ್ಕದು, ಸರಿಯಾದದ್ದು, ಆದರೆ ತಲೆಯಲ್ಲಿ ಹೊತ್ತೊಯ್ಯಲು ಬಾರದ್ದು.

ಮನುಷ್ಯರು ಕಂಡುಕೊಂಡ ದಾರಿ ಬೇರೆ. ಮೊದಲು ಬಿಳಿ ಮುಖದ ಮೇಲೆ ನಾಲ್ಕು ಅಂಚುಗಳ ಕೂಡುಗುರುತು, ಆಮೇಲೆ ಅದರ ನಾಲ್ಕು ಮೂಲೆ, ಆಮೇಲೆ ನಡುವಿನ ಪದರ, ಕೊನೆಗೆ ಹಳದಿ. ಮನೆ ಕಟ್ಟುವವರು ಪಾಯದಿಂದ ಮೇಲೇರುವ ಕ್ರಮ ಇದು. ನೂರಕ್ಕೂ ಹೆಚ್ಚು ತಿರುವು ಬೇಕು, ದೇವರಿಗಿಂತ ಐದು ಪಟ್ಟು ದೂರದ ದಾರಿ. ಆದರೆ ಒಮ್ಮೆ ಕಲಿತರೆ ಯಾವ ಕ್ಯೂಬಿಗಾದರೂ ಅದೇ ದಾರಿ. ಕರೆಂಟು ಹೋದರೂ, ಚಾರ್ಜು ಮುಗಿದರೂ ನಡೆಯುತ್ತದೆ. 1981ರಲ್ಲಿ ಇಂಗ್ಲೆಂಡಿನ ಪ್ಯಾಟ್ರಿಕ್ ಬಾಸರ್ಟ್ ಎಂಬ ಶಾಲಾ ಹುಡುಗ ಕ್ಯೂಬ್ ಬಿಡಿಸುವ ಕೈಪಿಡಿ ಬರೆದಾಗ ಅದರ ಪ್ರತಿಗಳು ಲಕ್ಷಗಟ್ಟಲೆ ಹೋದವು. ಜನಕ್ಕೆ ಬೇಕಾಗಿದ್ದದ್ದು ತಮ್ಮ ಕೈಯಲ್ಲಿದ್ದ ಆ ಒಂದು ಕ್ಯೂಬಿನ ಉತ್ತರವಲ್ಲ, ಎಲ್ಲ ಕ್ಯೂಬಿಗೂ ಆಗುವ ದಾರಿ.

ಮಂದಗತಿಯ ದಾರಿ ಎಂದು ಇದನ್ನು ಹೀಗಳೆಯುವಂತಿಲ್ಲ. 2014ರಲ್ಲಿ ‘ಕ್ಯೂಬ್‌ಸ್ಟಾರ್ಮರ್ 3’ ಎಂಬ ಯಂತ್ರ ಸುದ್ದಿ ಮಾಡಿತು. ಲೆಗೋ ತುಂಡುಗಳಿಂದ ಮಾಡಿದ ನಾಲ್ಕು ಕೈ, ಅದಕ್ಕೆ ಮಿದುಳಾಗಿ ಒಂದು ಸ್ಯಾಮ್‌ಸಂಗ್ ಫೋನು. ಫೋನೇ ನೋಡಿ, ಫೋನೇ ಲೆಕ್ಕ ಹಾಕಿ, 3.253 ಸೆಕೆಂಡಿನಲ್ಲಿ ಕ್ಯೂಬ್ ಬಿಡಿಸಿತು. ಒಂಬತ್ತು ವರ್ಷದ ಮೇಲೆ, 2023ರಲ್ಲಿ, ಅಮೆರಿಕದ ಮ್ಯಾಕ್ಸ್ ಪಾರ್ಕ್ ಎಂಬ ತರುಣ ಬರಿಗೈಯಲ್ಲಿ 3.13 ಸೆಕೆಂಡಿಗೆ ಮುಗಿಸಿದ. 1982ರಲ್ಲಿ ಬುಡಾಪೆಸ್ಟಿನ ಮೊದಲ ವಿಶ್ವ ಸ್ಪರ್ಧೆಯಲ್ಲಿ ಗೆದ್ದವನಿಗೆ ಹಿಡಿದದ್ದು 22.95 ಸೆಕೆಂಡ್. ಪಾರ್ಕನ ದಾಖಲೆಯೂ ಬಳಿಕ ಮುರಿದಿದೆ, ಯಂತ್ರಗಳೂ ಸೆಕೆಂಡಿನ ಭಾಗಕ್ಕೆ ಇಳಿದಿವೆ, ಅದಿರಲಿ. ಪದರಪದರವಾಗಿ ಕಟ್ಟುವ ದಾರಿಯನ್ನೇ ತಿದ್ದಿ ತೀಡಿದ ವಿಧಾನದಿಂದ ಮನುಷ್ಯನ ಬೆರಳು ಒಂದು ಕಾಲದ ಫೋನನ್ನು ಹಿಂದೆ ಹಾಕಿತು ಎಂಬುದು ನನಗೆ ಸಂತೋಷದ ಸಂಗತಿ.

ಹೊತ್ತೊಯ್ಯಬಹುದಾದ ಉತ್ತರ ಎಂದೆ. ಮೈಸೂರಿನಲ್ಲಿ ಅದಕ್ಕೆ ಹಳೆಯ ಮಾದರಿಯಿದೆ. ಮುಮ್ಮಡಿ ಕೃಷ್ಣರಾಜ ಒಡೆಯರು ಪಟ್ಟಕ್ಕೆ ಬಂದದ್ದು 1799ರಲ್ಲಿ, ಐದರ ಬಾಲಕರಾಗಿ. 1831ರಲ್ಲಿ ಆಡಳಿತ ಬ್ರಿಟಿಷರ ಕೈಗೆ ಹೋಯಿತು. 1868ರಲ್ಲಿ ತೀರಿಕೊಳ್ಳುವವರೆಗೆ ಅವರು ಉಳಿದ ಕಾಲವನ್ನು ಗ್ರಂಥಕ್ಕೆ, ಕಲೆಗೆ, ಆಟಕ್ಕೆ ಕೊಟ್ಟರು. ಅವರ ‘ಶ್ರೀತತ್ತ್ವನಿಧಿ’ ಗ್ರಂಥದ ಒಂಬತ್ತು ನಿಧಿಗಳಲ್ಲಿ ಕೊನೆಯ ಕೌತುಕನಿಧಿ ಆಟಗಳಿಗೇ ಮೀಸಲು. ಗಂಜೀಫಾ ಎಲೆಗಳಲ್ಲಿ ಅವರು ಹೊಸದಾಗಿ ಕಟ್ಟಿದ ‘ಛಾದ’ ಆಟಗಳಲ್ಲಿ ಒಂದಕ್ಕೆ 360 ಎಲೆ ಬೇಕು. ಆದರೆ ಅವರನ್ನು ಬಹುವಾಗಿ ಸೆಳೆದದ್ದು ಚದುರಂಗದ ಕುದುರೆ ನಡೆ: 64 ಮನೆಗಳಲ್ಲಿ ಒಂದನ್ನೂ ಬಿಡದೆ, ಒಂದಕ್ಕೂ ಎರಡು ಸಲ ಕಾಲಿಡದೆ ಕುದುರೆಯನ್ನು ಓಡಿಸುವುದು. ಅಂಥ ನಡೆಗಳನ್ನು ಅವರು ಬಗೆಬಗೆಯಾಗಿ ರಚಿಸಿದರು. ಕುದುರೆ ಹೋದ ಕ್ರಮದಲ್ಲಿ ಮನೆಗಳಿಗೆ ಅಂಕಿ ಬರೆದಾಗ ಸಾಲುಸಾಲಿನ ಮೊತ್ತ ಸಮನಾಗಿ ಬರುವಂಥವೂ ಅವುಗಳಲ್ಲಿವೆ.

ಇಲ್ಲಿಯೂ ಕಂಪ್ಯೂಟರ್ ತನ್ನ ಮಾತು ಹೇಳಿದೆ. ಹೊರಟ ಮನೆಗೆ ಒಂದೇ ಕುದುರೆ ನಡೆಯಷ್ಟು ದೂರಕ್ಕೆ ಬಂದು ಮುಗಿಯುವ ಓಟಗಳು 1,32,67,36,44,10,532 ಇವೆ ಎಂದು 1997ರಲ್ಲಿ ಎಣಿಕೆಯಾಯಿತು, 13 ಲಕ್ಷ ಕೋಟಿಗೂ ಹೆಚ್ಚು. ಅಡ್ಡಸಾಲು, ಉದ್ದಸಾಲು ಎಲ್ಲವೂ 260 ಬರುವುದರ ಜೊತೆಗೆ ಎರಡು ಕರ್ಣಗಳೂ 260 ಬರುವಂಥ ಓಟ ಎಂಟರ ಮಣೆಯಲ್ಲಿ ಇಲ್ಲವೇ ಇಲ್ಲ ಎಂದು 2003ರಲ್ಲಿ, ಕಂಪ್ಯೂಟರನ್ನು ಎರಡು ತಿಂಗಳಷ್ಟು ಓಡಿಸಿದ ಮೇಲೆ, ಗೊತ್ತಾಯಿತು. ಇಲ್ಲದ್ದನ್ನು ಇಲ್ಲವೆಂದು ಹೇಳುವುದರಲ್ಲಿ ಯಂತ್ರಕ್ಕೆ ಸಾಟಿಯಿಲ್ಲ. ಕ್ಯೂಬಿನ ವಿಷಯದಲ್ಲೂ ಕಂಡದ್ದು ಇದನ್ನೇ.

ಆದರೆ ಇರುವ ಉತ್ತರವನ್ನು ಉಳಿಸಿಕೊಂಡು ಬಂದದ್ದು ನೆನಪು. ಒಂಬತ್ತನೆಯ ಶತಮಾನದ ಕಾಶ್ಮೀರದ ರುದ್ರಟ ‘ಕಾವ್ಯಾಲಂಕಾರ’ದಲ್ಲಿ 32 ಅಕ್ಷರದ ಶ್ಲೋಕವೊಂದನ್ನು ಅರ್ಧ ಚದುರಂಗದ ಮನೆಗಳಲ್ಲಿ ಬರೆದು, ಕುದುರೆ ನಡೆಯಲ್ಲಿ ಓದಿದರೂ ಅದೇ ಶ್ಲೋಕ ಬರುವಂತೆ ಹೊಸೆದ. ವೇದಾಂತ ದೇಶಿಕರ ‘ಪಾದುಕಾಸಹಸ್ರ’ದಲ್ಲಿ ಒಂದು ಶ್ಲೋಕವನ್ನು ಕುದುರೆ ನಡೆಯಲ್ಲಿ ಓದಿದರೆ ಮುಂದಿನ ಶ್ಲೋಕ ಹುಟ್ಟುತ್ತದೆ. ಎರಡು ಶ್ಲೋಕ ಬಾಯಿಪಾಠವಿದ್ದರೆ ಒಗಟಿನ ಕೀಲಿ ಕಿಸೆಯಲ್ಲಿದ್ದಂತೆ. 1823ರಲ್ಲಿ ವಾರ್ನ್‌ಸ್‌ಡಾರ್ಫ್ ಎಂಬ ಜರ್ಮನ್ ಕೊಟ್ಟ ಸೂತ್ರವಂತೂ ಒಂದೇ ವಾಕ್ಯದ್ದು: ಮುಂದೆ ಹೋಗಲು ಯಾವ ಮನೆಯಿಂದ ದಾರಿಗಳು ತೀರ ಕಡಿಮೆಯೋ ಮೊದಲು ಅಲ್ಲಿಗೇ ಹೋಗು. ಇದನ್ನು ಹಿಡಿದು ಹೊರಟರೆ ಬಹಳಷ್ಟು ಸಲ ಓಟ ಮುಗಿಯುತ್ತದೆ.

ನೋಡಬೇಕೆನ್ನುವವರಿಗೆ ಜಗನ್ಮೋಹನ ಅರಮನೆಯ ಗೋಡೆಗಳ ಮೇಲೆ ಮುಮ್ಮಡಿಯವರ ಆಟದ ಚಿತ್ರಗಳಿವೆ. ಇತ್ತ ನಜರ್‌ಬಾದ್ ಮುಖ್ಯರಸ್ತೆಯ ಪ್ರತಿಮಾ ಗ್ಯಾಲರಿಯಲ್ಲಿ ರಾಮ್‌ಸನ್ಸ್ ಕಲಾ ಪ್ರತಿಷ್ಠಾನದವರು ‘ಕ್ರೀಡಾ ಕೌಶಲ್ಯ’ ಎಂಬ ಹೆಸರಿನಲ್ಲಿ ಪಗಡೆ, ಚೌಕಾಬಾರ, ಅಳಗುಳಿ ಮಣೆ, ಹುಲಿ–ಕುರಿ ಆಟಗಳ ಪ್ರದರ್ಶನಗಳನ್ನು ನಡೆಸಿದ್ದಾರೆ. ಕುಶಲಕರ್ಮಿಗಳು ಹೊಸದಾಗಿ ಮಾಡಿದ ಮಣೆ, ಹಾಸು, ಕಾಯಿಗಳನ್ನು ಅಲ್ಲಿ ನೋಡುವುದಷ್ಟೇ ಅಲ್ಲ, ಮನೆಗೂ ಒಯ್ಯಬಹುದಿತ್ತು. ಮೈಲಾರಿ ದೋಸೆಗೆ ಸಾಲು ನಿಲ್ಲುವ ಊರಿನವರಿಗೆ ಅದೇ ರಸ್ತೆಯಲ್ಲಿ ಅಂಥದೊಂದು ಕೆಲಸ ನಡೆದದ್ದು ಗೊತ್ತಿದ್ದರೆ ಒಳ್ಳೆಯದು.

ಎಲ್ಲ ಕೈ ಒಗಟುಗಳಿಗೂ ಫೋನು ಹೀಗೆ ನೆರವಾಗುತ್ತದೆ ಎಂದುಕೊಳ್ಳಬೇಡಿ. ಕ್ಯೂಬಿನ ಗುಟ್ಟೆಲ್ಲ ಮೈಮೇಲೇ ಬರೆದಿರುತ್ತದೆ, ಅದಕ್ಕೇ ಕ್ಯಾಮೆರಾಕ್ಕೆ ಸಿಕ್ಕಿತು. ಆರು ಮರದ ಕಡ್ಡಿಗಳು ಒಂದರೊಳಗೊಂದು ಕಚ್ಚಿಕೊಂಡು ನಿಲ್ಲುವ ಒಗಟಿದೆಯಲ್ಲ, ಅದರ ಕಚ್ಚುಗಳು ಒಳಗಿರುತ್ತವೆ; ಹೊರಗಿನಿಂದ ಎಷ್ಟು ಫೋಟೊ ತೆಗೆದರೂ ಮೂರು ಜೊತೆ ಕಡ್ಡಿಗಳಷ್ಟೇ ಕಾಣುವುದು. ಬಿಲ್ ಕಟ್ಲರ್ ಎಂಬ ಅಮೆರಿಕದ ಗಣಿತಜ್ಞ ಆ ಆರು ಕಡ್ಡಿಗಳ ಜೋಡಣೆಗಳನ್ನು ವರ್ಷಗಟ್ಟಲೆ ಕಂಪ್ಯೂಟರಿನಲ್ಲಿ ಎಣಿಸಿ 1990ರಲ್ಲಿ ಮುಗಿಸಿದಾಗ ಬಂದ ಲೆಕ್ಕ 3,565 ಕೋಟಿ. ಅವುಗಳಲ್ಲಿ ಬಿಚ್ಚಲು, ಜೋಡಿಸಲು ಬರುವಂಥವು ಆರರಲ್ಲೊಂದು ಪಾಲು ಮಾತ್ರ.

ಮಕ್ಕಳ ಕೈಯಿಂದ ಆ್ಯಪ್ ಕಿತ್ತುಕೊಳ್ಳಿ ಎಂದು ನಾನು ಹೇಳುವುದಿಲ್ಲ. ಅದಕ್ಕೆ ಎರಡು ಕೆಲಸ ಕೊಟ್ಟರೆ ಸಾಕು. ಕ್ಯೂಬ್ ಸರಿಯಿದೆಯೇ, ಯಾರಾದರೂ ಕಿತ್ತು ತಪ್ಪಾಗಿ ಜೋಡಿಸಿದ್ದಾರೆಯೇ ಎಂದು ತಾಳೆ ನೋಡುವುದು ಒಂದು. ಕಿಟಕಿಯ ಪಕ್ಕ, ಹಗಲು ಬೆಳಕಿನಲ್ಲಿ ಹಿಡಿಯಿರಿ. ಬಾರದು ಎಂದರೆ ಮೊದಲು ಕೆಂಪು–ಕಿತ್ತಳೆಯನ್ನು ಇನ್ನೊಮ್ಮೆ ನೋಡಿ, ಆಮೇಲೆ ಕ್ಯೂಬನ್ನು ಅನುಮಾನಿಸಿ. ಈಗಿನ ಸಡಿಲ ಕ್ಯೂಬುಗಳಲ್ಲಿ ಬೆರಳು ತಾಗಿ ಒಂದು ಮೂಲೆ ತಿರುಚಿಕೊಳ್ಳುವುದೇ ಹೆಚ್ಚು. ಮತ್ತೊಂದು ಕೆಲಸ, ಕಲಿಯುವವರು ದಾರಿ ತಪ್ಪಿದಾಗ ಕ್ಯೂಬನ್ನು ಮತ್ತೆ ಮೊದಲ ಸ್ಥಿತಿಗೆ ತಂದುಕೊಡುವುದು. ಕ್ಯಾಮೆರಾ ಬಿಟ್ಟು ಬೇರೇನನ್ನಾದರೂ, ಫೋನ್ ನಂಬರುಗಳ ಪಟ್ಟಿಯನ್ನೋ ಎಸ್ಸೆಮ್ಮೆಸ್ಸನ್ನೋ, ತೆರೆಯಲು ಅನುಮತಿ ಕೇಳುವ ಆ್ಯಪ್ ಆದರೆ ಅಳಿಸಿಹಾಕಿ.

ಹಾಗೆ ಬಿಡಿಸಿಕೊಟ್ಟ ಕ್ಯೂಬನ್ನು ಹಿಡಿದು ಇದೊಂದನ್ನು ಮಾಡಿ. ಬಲಗಡೆಯ ಪದರ ಮೇಲಕ್ಕೆ, ಮೇಲಿನ ಪದರ ಎಡಕ್ಕೆ, ಬಲಗಡೆಯದು ಕೆಳಕ್ಕೆ, ಮೇಲಿನದು ಬಲಕ್ಕೆ. ಒಂದು ಕೆಲಸ, ಇನ್ನೊಂದು ಕೆಲಸ, ಮೊದಲನೆಯದರ ರದ್ದು, ಎರಡನೆಯದರ ರದ್ದು. ಎರಡೂ ಒಂದನ್ನೊಂದು ಮುಟ್ಟದಿದ್ದರೆ ಎಲ್ಲ ಮೊದಲಿನಂತೆ ಆಗಬೇಕಿತ್ತು. ಮುಟ್ಟಿದ ಕಡೆಯಲ್ಲಿ ಮಾತ್ರ ಕೆಲವೇ ತುಂಡುಗಳು ಕದಲಿ, ಉಳಿದವು ಇದ್ದಲ್ಲೇ ಇರುತ್ತವೆ. ಎಲ್ಲವನ್ನೂ ಕೆಡಿಸದೆ ಬೇಕಾದಷ್ಟನ್ನೇ ಕದಲಿಸುವ ಈ ಉಪಾಯವೇ ಕೈಯಿಂದ ಬಿಡಿಸುವವರ ವಿದ್ಯೆಯ ಬಹುಪಾಲು. ಈ ನಾಲ್ಕು ತಿರುವನ್ನು ಆರು ಸಲ ಮಾಡಿದರೆ ಕ್ಯೂಬ್ ತಾನಾಗಿ ಮತ್ತೆ ಸರಿಹೋಗುತ್ತದೆ. ನಡುವೆ ಎಣಿಕೆ ತಪ್ಪಿದರೆ ಹೆದರಬೇಡಿ, ಆ್ಯಪ್ ಹೇಗೂ ಇದೆ.